ಇಂಟಿಗ್ರೇಟೆಡ್ ಆಂಪ್: ಕೊಳ್ಳುವ ಮುಂಚೆ ಅದರ ದನಿಯ ಗುಣ ತಿಳಿಯುವುದು ಹೇಗೆ?

ಮಂದ್ರ

ಎಲ್ಲರಿಗೂ ನಮಸ್ಕಾರ. ಇಂಟಿಗ್ರೇಟೆಡ್ ಆಂಪ್ (ಪ್ರೀಆಂಪ್, ಪವರ್ ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವ ಆಂಪ್ಲಿಫೈಯರ್) ಕೊಳ್ಳಬೇಕು, ಪಟ್ಟಿ ಮೂರಕ್ಕೆ ಇಳಿದಿದೆ: 50 ವ್ಯಾಟ್‌ನ ಟ್ರಾನ್ಸಿಸ್ಟರ್ ಕ್ಲಾಸ್ ಎ (ಕರೆಂಟ್ ಸದಾ ಹರಿಯುತ್ತಲೇ ಇರುವ ಬಗೆ), 120 ವ್ಯಾಟ್‌ನ ಟ್ರಾನ್ಸಿಸ್ಟರ್ ಕ್ಲಾಸ್ ಎಬಿ (ದನಿ ಜೋರಾದಾಗ ಟ್ರಾನ್ಸಿಸ್ಟರುಗಳು ಸರದಿಯಲ್ಲಿ ದುಡಿಯುವ ಬಗೆ), 70 ವ್ಯಾಟ್‌ನ ಪುಶ್-ಪುಲ್ (ಜೋಡಿಯಾಗಿ ದುಡಿಯುವ) ವಾಲ್ವ್ ಆಂಪ್, ಅಂದರೆ ಗಾಜಿನ ನಿರ್ವಾತ ನಳಿಕೆಯದು. ಮೂರೂ 8 ಓಮ್ ಲೆಕ್ಕ. ಸ್ಪೀಕರ್ ಬದಲಾಗುವುದಿಲ್ಲ. ಅದರ ಸೆನ್ಸಿಟಿವಿಟಿ (ಒಂದು ಮೀಟರ್ ದೂರದಲ್ಲಿ ಎಷ್ಟು ಜೋರು ಅನ್ನುವ ಅಂಕಿ) 2.83 ವೋಲ್ಟ್‌ಗೆ 86 ಡೆಸಿಬಲ್. ಇಂಪೀಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 110 ಹರ್ಟ್ಸ್ ಆಸುಪಾಸಿನಲ್ಲಿ 3.2 ಓಮ್‌ಗೆ ಇಳಿಯುತ್ತದೆ, 1.8 ಕಿಲೋಹರ್ಟ್ಸ್ ಹತ್ತಿರ 20 ಓಮ್‌ಗೆ ಏರುತ್ತದೆ. ಕೂರುವ ಜಾಗ 3 ಮೀಟರ್ ದೂರ.

ವಿಮರ್ಶೆ ಓದಿದರೆ ವಾಲ್ವ್ ಆಂಪ್ 'ಬೆಚ್ಚಗೆ', ಕ್ಲಾಸ್ ಎ 'ರೇಷ್ಮೆ', ಎಬಿಗೆ 'ಬಿಗಿಹಿಡಿತ'. ಈ ಮಾತುಗಳನ್ನೇ ನಂಬಿ ದುಡ್ಡು ಹಾಕಲು ಮನಸ್ಸಿಲ್ಲ. ಮೂರನ್ನೂ ಒಂದೊಂದು ವಾರ ಮನೆಗೆ ತರಬಹುದು, ಕೊನೆಯ ಎರಡು ದಿನ ಮೂರೂ ಒಟ್ಟಿಗೆ ಇರುತ್ತವೆ. ಏನು ಅಳೆಯಬೇಕು, ಏನು ಕೇಳಬೇಕು?

ಓಮ್‌ಲೆಕ್ಕ

ಸ್ಪೀಕರಿನ ಇಂಪೀಡೆನ್ಸ್ ಬರೆದಿದ್ದು ಒಳ್ಳೆಯದಾಯಿತು. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ.

ಆಂಪಿನ ಔಟ್‌ಪುಟ್ ಇಂಪೀಡೆನ್ಸ್ ಎಷ್ಟೆಂದು ಮೊದಲು ನೋಡಿ. ಅದನ್ನು ಬರೆದಿಲ್ಲದಿದ್ದರೆ ಡ್ಯಾಂಪಿಂಗ್ ಫ್ಯಾಕ್ಟರ್ ಕೊಟ್ಟಿರುತ್ತಾರೆ. 8ನ್ನು ಆ ಅಂಕಿಯಿಂದ ಭಾಗಿಸಿ: 160 ಇದ್ದರೆ 0.05 ಓಮ್, 4 ಇದ್ದರೆ 2 ಓಮ್. ಈ ಪ್ರತಿರೋಧ ಸ್ಪೀಕರಿನ ಜತೆ ಸರಣಿಯಲ್ಲಿ ಕೂತು ವೋಲ್ಟೇಜನ್ನು ಹಂಚಿಕೊಳ್ಳುತ್ತದೆ. ವಾಲ್ವ್ ಆಂಪಿನದು 2 ಓಮ್ ಎಂದಿಟ್ಟುಕೊಳ್ಳಿ. ಸ್ಪೀಕರ್ 3.2 ಓಮ್ ಇರುವ ಕಡೆ 4.2 ಡೆಸಿಬಲ್ ನಷ್ಟ, 20 ಓಮ್ ಇರುವ ಕಡೆ 0.8 ಮಾತ್ರ. ಅಂದರೆ 110 ಹರ್ಟ್ಸ್‌ಗೆ ಹೋಲಿಸಿದರೆ 1.8 ಕಿಲೋಹರ್ಟ್ಸ್ ಸುಮಾರು 3.4 ಡೆಸಿಬಲ್ ಮೇಲೆ ನಿಲ್ಲುತ್ತದೆ. 0.05 ಓಮಿನ ಟ್ರಾನ್ಸಿಸ್ಟರ್ ಆಂಪಿನಲ್ಲಿ ಇದೇ ವ್ಯತ್ಯಾಸ 0.1 ಡೆಸಿಬಲ್.

3.4 ಡೆಸಿಬಲ್ ಎಂದರೆ ಟೋನ್ ಗುಂಡಿ ತಿರುಗಿಸಿದ ಹಾಗೆ, ಯಾರ ಕಿವಿಗಾದರೂ ಗೊತ್ತಾಗುತ್ತದೆ. ಅದೂ ನಿಮ್ಮ ಸ್ಪೀಕರಿನಲ್ಲಿ ಬೆಚ್ಚಗೆ ಕೇಳಿಸದು. ಹಾಡುವವರ ದನಿ ಒಂದು ಹೆಜ್ಜೆ ಮುಂದೆ ಬಂದು ನಿಂತಂತೆ ಕೇಳಿಸುತ್ತದೆ, ಮೇಲು ಬಾಸ್ ತೆಳ್ಳಗಾಗುತ್ತದೆ. ಇಂಪೀಡೆನ್ಸ್ ಕೆಳಗಡೆ ಹೆಚ್ಚಿದ್ದು ಮೇಲಕ್ಕೆ ಹೋದಂತೆ ತಗ್ಗುವ ಸ್ಪೀಕರಿಗೆ ಇದೇ ಆಂಪ್ ಹಾಕಿದರೆ 'ಬೆಚ್ಚಗಿದೆ' ಎಂದು ಬರೆಯುತ್ತಾರೆ. ವಿಮರ್ಶಕರು ಸುಳ್ಳು ಹೇಳುತ್ತಿಲ್ಲ, ಅವರ ಸ್ಪೀಕರ್ ಬೇರೆ, ಅಷ್ಟೇ. ಸ್ಟೀರಿಯೊಫೈಲ್ ಎಂಬ ಅಮೆರಿಕದ ಆಡಿಯೊ ಪತ್ರಿಕೆಯ ಅಳತೆಗಳಲ್ಲಿ ಜಾನ್ ಆಟ್ಕಿನ್ಸನ್ ಸ್ಪೀಕರಿನಂತೆ ವರ್ತಿಸುವ ಕೃತಕ ಲೋಡ್ ಜೋಡಿಸಿ ತೆಗೆದ, ಯಾವ ಫ್ರೀಕ್ವೆನ್ಸಿಗೆ ಎಷ್ಟು ಮಟ್ಟ ಎಂದು ತೋರಿಸುವ ಗೆರೆ ಇರುತ್ತದೆ. ನಿಮ್ಮ ಪಟ್ಟಿಯ ಆಂಪಿಗೆ ಅದು ಸಿಕ್ಕರೆ ನಾಲ್ಕು ಪುಟದ ವಿಶೇಷಣಗಳಿಗಿಂತ ಆ ಗೆರೆ ಮೇಲು.

ಹಾಗೆಂದು ಡ್ಯಾಂಪಿಂಗ್ ಫ್ಯಾಕ್ಟರ್ 4000 ಅಂತ ಕಂಡರೆ ಮರುಳಾಗಬೇಡಿ. 2.5 ಚದರ ಮಿಲಿಮೀಟರಿನ 3 ಮೀಟರ್ ತಾಮ್ರದ ಕೇಬಲ್, ಹೋಗಿ ಬರುವ ದಾರಿ ಸೇರಿ, ತಾನೇ 0.04 ಓಮ್ ಇರುತ್ತದೆ. 4000 ಅಲ್ಲಿಗೇ 200ರ ಒಳಗೆ ಬಂತು.

ಇನ್ನು ಶಕ್ತಿ. ಆ ದೂರದಲ್ಲಿ ಎರಡೂ ಸ್ಪೀಕರ್ ಸೇರಿ 2.83 ವೋಲ್ಟ್‌ಗೆ ಸುಮಾರು 80 ಡೆಸಿಬಲ್ ಕೊಡುತ್ತವೆ, ಜೋರಾಗಿ ಕೇಳುವವರ ಸರಾಸರಿ ಮಟ್ಟ ಅಷ್ಟೇ. ಚೆನ್ನಾಗಿ ಮುದ್ರಿಸಿದ ಸಂಗೀತದ ಶಿಖರಗಳು ಸರಾಸರಿಗಿಂತ 15ರಿಂದ 20 ಡೆಸಿಬಲ್ ಮೇಲಿರುತ್ತವೆ. 50 ವ್ಯಾಟ್ ಅಂದರೆ 20 ವೋಲ್ಟ್, ನಿಮಗೆ ಸಿಗುವ ಜಾಗ 17 ಡೆಸಿಬಲ್. 120 ವ್ಯಾಟ್‌ಗೆ 31 ವೋಲ್ಟ್, 20.8 ಡೆಸಿಬಲ್. ಎರಡರ ಅಂತರ 4 ಡೆಸಿಬಲ್ ಕೂಡ ಇಲ್ಲ. ವ್ಯಾಟ್‌ಗಿಂತ 4 ಓಮ್‌ಗೆ ಎಷ್ಟು ಕೊಡುತ್ತದೆ ಅನ್ನುವುದನ್ನು ನೋಡಿ: 8 ಓಮಿನದಕ್ಕೆ ಇಮ್ಮಡಿಯ ಹತ್ತಿರ ಇದ್ದರೆ ಪವರ್ ಸಪ್ಲೈ ಗಟ್ಟಿ. ಇನ್ನೊಂದು, 8 ಓಮ್‌ಗೆ 50 ವ್ಯಾಟ್‌ವರೆಗೆ ಎಂದು ಬಯಸ್ ಮಾಡಿದ (ಸುಮ್ಮನಿದ್ದಾಗಲೂ ಹರಿಯುವ ಕರೆಂಟನ್ನು ಹೊಂದಿಸಿದ) ಪುಶ್-ಪುಲ್ ಕ್ಲಾಸ್ ಎ, 4 ಓಮ್‌ನಲ್ಲಿ 25 ವ್ಯಾಟ್‌ವರೆಗೆ ಮಾತ್ರ ಕ್ಲಾಸ್ ಎ. ಆಮೇಲೆ ಅದೂ ಎಬಿಯೇ.

ಸೊನ್ನೆ_ಡಿಬಿ

ಲೆಕ್ಕ ಸರಿ. ಕೇಳುವ ಭಾಗ ನಾನು ಬರೆಯುತ್ತೇನೆ, ಹೆಚ್ಚಿನವರು ಎಡವುವುದು ಇಲ್ಲಿ.

ಅರ್ಧ ಡೆಸಿಬಲ್ ಹೆಚ್ಚಿರುವ ಆಂಪ್ ಕಿವಿಗೆ 'ಜೋರು' ಅನ್ನಿಸುವುದಿಲ್ಲ. 'ಸ್ಪಷ್ಟ', 'ತೆರೆದ ದನಿ' ಅನ್ನಿಸುತ್ತದೆ. ಆದ್ದರಿಂದ ಮಟ್ಟ 0.1 ಡೆಸಿಬಲ್ ಒಳಗೆ ಸಮ ಆಗಲೇಬೇಕು. ವೋಲ್ಟೇಜಿನಲ್ಲಿ ಅದು ಸುಮಾರು 1.2 ಶೇಕಡ: 2.83 ವೋಲ್ಟ್ ಇಟ್ಟರೆ 0.03 ಆಚೀಚೆ. ವಾಲ್ಯೂಮ್ ಗುಂಡಿಯ ಗೆರೆ ನೋಡಿ ಆಗುವ ಕೆಲಸವಲ್ಲ. ಫೋನಿನ ಡೆಸಿಬಲ್ ಆ್ಯಪ್ ಕೂಡ ಬೇಡ, ಫೋನ್ ಒಂದಿಂಚು ಸರಿದರೆ ಅದರ ಅಂಕಿ ಅಷ್ಟು ಬದಲಾಗುತ್ತದೆ.

ಸ್ಪೀಕರ್ ಜೋಡಿಸಿಯೇ ಇರಲಿ. 400 ಹರ್ಟ್ಸ್ ಸೈನ್ ಟೋನ್ ಹಾಕಿ, ಮಲ್ಟಿಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ, ಆಂಪಿನ ಸ್ಪೀಕರ್ ಟರ್ಮಿನಲ್ ಮೇಲೆ ಅಳೆಯಿರಿ. ಎಡ, ಬಲ ಎರಡೂ. ಅಗ್ಗದ ಮೀಟರ್ ತುಸು ತಪ್ಪು ತೋರಿಸಿದರೂ ಚಿಂತೆಯಿಲ್ಲ, ಮೂರೂ ಆಂಪಿಗೆ ಅದೇ ಮೀಟರ್, ಅದೇ ಟೋನ್ ಇದ್ದರೆ ತಪ್ಪೂ ಒಂದೇ. ವಾಲ್ಯೂಮ್ 0.5 ಅಥವಾ 1 ಡೆಸಿಬಲ್ ಮೆಟ್ಟಿಲಲ್ಲಿ ಏರುವಂಥದಾದರೆ ಉಳಿದ ಚೂರನ್ನು ಪ್ಲೇಯರ್ ಸಾಫ್ಟ್‌ವೇರಿನಲ್ಲಿ 0.1 ಲೆಕ್ಕದಲ್ಲಿ ಸರಿಮಾಡಿ. ವಾಲ್ವ್ ಆಂಪಿನ ವಿಷಯಕ್ಕೆ ಇದು ಸಾಲದು: ಓಮ್‌ಲೆಕ್ಕ ಹೇಳಿದಂತೆ ಅದರ ಮಟ್ಟ ಫ್ರೀಕ್ವೆನ್ಸಿಗೆ ತಕ್ಕಂತೆ ಬದಲಾಗುತ್ತದೆ. ಅದಕ್ಕೆ ಪಿಂಕ್ ನಾಯ್ಸ್ (ಎಲ್ಲ ಫ್ರೀಕ್ವೆನ್ಸಿಗಳೂ ಸೇರಿದ ಸುಯ್ಯೆನ್ನುವ ಸದ್ದು) ಹಾಕಿ, ಕೂರುವ ಜಾಗದಲ್ಲಿ ಸ್ಟ್ಯಾಂಡಿಗೆ ಬಿಗಿದ ಮೈಕಿನಿಂದ ಸಮ ಮಾಡಿ.

ಎಲ್ಲಕ್ಕೂ ಒಂದೇ ಹೊರಗಿನ ಡ್ಯಾಕ್ (ಡಿಜಿಟಲ್ ಸಂಗೀತವನ್ನು ಅನಲಾಗ್ ಮಾಡುವ ಸಾಧನ), ಒಂದೇ ಅನಲಾಗ್ ಇನ್‌ಪುಟ್. ಒಳಗಿನ ಡ್ಯಾಕ್ ಬಳಸಿದರೆ ನೀವು ಹೋಲಿಸುತ್ತಿರುವುದು ಎರಡು ಪೆಟ್ಟಿಗೆ, ಎರಡು ಆಂಪಲ್ಲ. ಟೋನ್, ಲೌಡ್‌ನೆಸ್ ಆಫ್.

ತುಣುಕು 10ರಿಂದ 20 ಸೆಕೆಂಡ್, ಅದನ್ನೇ ಮತ್ತೆ ಮತ್ತೆ. ದನಿಯ ಸೂಕ್ಷ್ಮಗಳ ನೆನಪು ಕೆಲವೇ ಸೆಕೆಂಡು ಉಳಿಯುತ್ತದೆ. ಪಿಂಕ್ ನಾಯ್ಸ್, ಒಂಟಿ ಪಿಯಾನೊ, ತಂಬೂರಿ ಚೆನ್ನಾಗಿ ಹಿಡಿದುಕೊಡುತ್ತವೆ. ತಂತಿಯ ಜೀವಾಳಿಯಲ್ಲಿ ಮೇಲಿನ ಹಾರ್ಮೋನಿಕ್‌ಗಳು ಸಾಲುಗಟ್ಟಿರುತ್ತವೆ. ಯಾವುದು ನುಡಿಯುತ್ತಿದೆ ಎಂದು ನಿಮಗೆ ಗೊತ್ತಿಲ್ಲದಂತೆ ಇನ್ನೊಬ್ಬರು ಬದಲಿಸಲಿ. 16 ಸಲದಲ್ಲಿ 12 ಸರಿ ಬಂದರೆ ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ಶೇ. 3.8. 10ರಲ್ಲಿ 7ಕ್ಕೆ ಕುಣಿಯಬೇಡಿ.

ಫ್ಯೂಸ್

ಆಂಪ್ ಬದಲಿಸಲು ಸ್ವಿಚ್ ಬಾಕ್ಸ್ ಬಳಸುವ ಮುಂಚೆ ಇದನ್ನು ಓದಿ.

ವಾಲ್ವ್ ಆಂಪನ್ನು ಲೋಡ್ ಇಲ್ಲದೆ ಸಿಗ್ನಲ್ ಕೊಟ್ಟು ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಏರಿ ಇನ್ಸುಲೇಶನ್ ಸುಡಬಹುದು. ಸ್ಪೀಕರ್ ತಪ್ಪಿದ ಕ್ಷಣ ಅದಕ್ಕೆ 8 ಓಮ್, 100 ವ್ಯಾಟಿನ ರೆಸಿಸ್ಟರ್ ಸಿಗುವಂತೆ ಸ್ವಿಚ್ ಕಟ್ಟಿರಬೇಕು. ಹಾಗಿಲ್ಲವೇ, ಆಫ್ ಮಾಡಿ ಕೈಯಲ್ಲೇ ತಂತಿ ಬದಲಿಸಿ.

ಬ್ರಿಡ್ಜ್ ಮಾಡಿದ (ಕೆಂಪು, ಕಪ್ಪು ಎರಡಕ್ಕೂ ಸಿಗ್ನಲ್ ಕೊಡುವ) ಆಂಪ್‌ಗಳಲ್ಲಿ, ಅನೇಕ ಕ್ಲಾಸ್ ಡಿ (ಸ್ವಿಚಿಂಗ್ ಬಗೆಯ) ಆಂಪುಗಳೂ ಸೇರಿ, ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ. ಕಪ್ಪುಗಳನ್ನೆಲ್ಲ ಒಂದು ಮಾಡಿದ ಅಗ್ಗದ ಬಾಕ್ಸ್ ಅಂಥ ಆಂಪನ್ನು ಕೊಲ್ಲುತ್ತದೆ. ಕೆಂಪು, ಕಪ್ಪು ಎರಡನ್ನೂ ಬಿಡಿಸಿ ಆಮೇಲೆ ಜೋಡಿಸುವ ಸ್ವಿಚ್ಚೇ ಬೇಕು.

ಕ್ಲಾಸ್ ಎ ಮತ್ತು ವಾಲ್ವ್‌ಗೆ ಮುಕ್ಕಾಲು ಗಂಟೆ ಬಿಸಿಯಾಗಲು ಬಿಡಿ. ಟ್ರಾನ್ಸಿಸ್ಟರ್ ಆಂಪಿನಲ್ಲಿ ಸಿಗ್ನಲ್ ಇಲ್ಲದಾಗ ಟರ್ಮಿನಲ್ಲಿನ ಡಿಸಿ ಅಳೆಯಿರಿ. 50 ಮಿಲಿವೋಲ್ಟ್ ದಾಟಿದರೆ ವಾಪಸ್ ಕೊಡಿ. ಟ್ವೀಟರಿಗೆ ಕಿವಿ ಹಚ್ಚಿ ಸರ್ರನೆ ಸದ್ದು ಕೇಳಿ. ಮೋನೊ ದನಿಯನ್ನು ತೀರಾ ಸಣ್ಣಗೆ ಇಟ್ಟು ಕೇಳಿ: ನಡುವಿನಿಂದ ಒಂದು ಬದಿಗೆ ಸರಿದರೆ ವಾಲ್ಯೂಮ್ ಗುಂಡಿಯ ಪೊಟೆನ್ಷಿಯೋಮೀಟರಿನ ಎಡ, ಬಲ ಎರಡು ಟ್ರ್ಯಾಕ್ ಹೊಂದುತ್ತಿಲ್ಲ. ರಾತ್ರಿ ಮೆಲ್ಲಗೆ ಕೇಳುವವರಿಗೆ ಇದು ದಿನಾ ಕಾಡುತ್ತದೆ.

ತಂತಿನಾದ

ಇಷ್ಟೆಲ್ಲ ಮಾಡಿದ ಮೇಲೆ ಆ ಎರಡು ಟ್ರಾನ್ಸಿಸ್ಟರ್ ಆಂಪ್‌ಗಳ ನಡುವೆ, ಕ್ಲಿಪ್ ಆಗದಷ್ಟು ಹೊತ್ತು (ಶಕ್ತಿ ಸಾಲದೆ ಅಲೆಯ ತುದಿ ಕತ್ತರಿಸಿ ಹೋಗದಷ್ಟು ಹೊತ್ತು), ವ್ಯತ್ಯಾಸ ಸಿಗುವುದೇ ಅನುಮಾನ. 1985ರಲ್ಲಿ ಆಂಪ್ ವಿನ್ಯಾಸಕ ಬಾಬ್ ಕಾರ್ವರ್ ಸ್ಟೀರಿಯೊಫೈಲ್ ಪತ್ರಿಕೆಗೆ ಸವಾಲು ಹಾಕಿ, ಎರಡು ಆಂಪ್‌ಗಳ (ತನ್ನದು ಮತ್ತು ಪತ್ರಿಕೆ ಆರಿಸಿದ್ದು) ಔಟ್‌ಪುಟ್ಟನ್ನು ಒಂದರಿಂದೊಂದು ಕಳೆದು, ಉಳಿಕೆ ಸೊನ್ನೆಯ ಹತ್ತಿರ ಬರುವ ತನಕ ತನ್ನ ಆಂಪನ್ನು ತಿದ್ದುತ್ತ ಹೋದ. ಸಂಪಾದಕರಿಗೆ ಬೇರೆ ಮಾಡಲಾಗಲಿಲ್ಲ. 'ಗುಣ' ಅನ್ನುವುದು ತಿದ್ದಬಹುದಾದ ಅಂಕಿ.

ಆದರೆ ಸೊನ್ನೆ_ಡಿಬಿಯವರ ಪರೀಕ್ಷೆಯೊಂದನ್ನೇ ನೆಚ್ಚಬೇಡಿ. ಫ್ಯಾನಿನ ಸದ್ದು, ಟ್ರಾನ್ಸ್‌ಫಾರ್ಮರಿನ ಗುಂಯ್‌ಗುಡುವಿಕೆ, ಕ್ಲಾಸ್ ಎ ಸುಮ್ಮನಿದ್ದಾಗಲೂ ಉಗುಳುವ 200 ವ್ಯಾಟಿಗೂ ಮೀರಿದ ಶಾಖ, ಇವು 15 ಸೆಕೆಂಡಿನ ತುಣುಕಿನಲ್ಲಿ ಗೊತ್ತಾಗುವುದಿಲ್ಲ. ಆ ಒಂದು ವಾರ ಇರುವುದೇ ಅದಕ್ಕೆ.

ಮಂದ್ರ

ತುಂಬಾ ಉಪಕಾರ. ವಾಲ್ವ್ ಆಂಪಿಗೆ 4 ಓಮ್, 8 ಓಮ್ ಎರಡು ಟ್ಯಾಪ್ (ಸ್ಪೀಕರ್ ಜೋಡಿಸುವ ಟರ್ಮಿನಲ್) ಇವೆ. ಯಾವುದಕ್ಕೆ ಹಾಕಿ ಕೇಳಲಿ?

ಓಮ್‌ಲೆಕ್ಕ

ಎರಡರಲ್ಲೂ. 4 ಓಮ್ ಟ್ಯಾಪಿನಲ್ಲಿ ಔಟ್‌ಪುಟ್ ಇಂಪೀಡೆನ್ಸ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. 2 ಓಮ್ ಇದ್ದದ್ದು 1 ಆದರೆ ಮೇಲೆ ಹೇಳಿದ 3.4 ಡೆಸಿಬಲ್ ಏರು ಸುಮಾರು 1.9ಕ್ಕೆ ಬರುತ್ತದೆ, 3.2 ಓಮಿನ ತಗ್ಗಿಗೂ ಆಂಪ್ ಹೆಚ್ಚು ಸಲೀಸಾಗಿ ಕರೆಂಟ್ ಕೊಡುತ್ತದೆ. ಟ್ಯಾಪ್ ಬದಲಿಸಿದಾಗ ಗೇನ್ (ಸಿಗ್ನಲ್ ಹಿಗ್ಗುವ ಪ್ರಮಾಣ) ಕೂಡ 3 ಡೆಸಿಬಲ್‌ವರೆಗೆ ಇಳಿಯಬಹುದು, ಹಾಗಾಗಿ ಮಟ್ಟವನ್ನು ಮತ್ತೆ ಮೊದಲಿನಿಂದ ಸಮ ಮಾಡಿ. ಇಲ್ಲದಿದ್ದರೆ 8 ಓಮ್ ಟ್ಯಾಪೇ ಗೆಲ್ಲುತ್ತದೆ.