ಸಹಾಯ ಬೇಕು: ಲೈಬ್ರರಿಗೆ ಪುಸ್ತಕ ತರಿಸುವ ಅರ್ಜಿಯಲ್ಲಿ ಗೊಂದಲ

ನಮ್ಮ ವಿಶ್ವವಿದ್ಯಾಲಯದ ಲೈಬ್ರರಿಗೆ ಒಂದು ಪುಸ್ತಕ ತರಿಸಿ ಅಂತ ಅರ್ಜಿ ಕೊಟ್ಟಿದ್ದೆ. ಅದಿಲ್ಲದೆ ನನ್ನ ಪ್ರಬಂಧದ ಒಂದು ಅಧ್ಯಾಯ ಮುಂದೆ ಹೋಗುತ್ತಲೇ ಇಲ್ಲ. ಲೇಖಕರು, ಪ್ರಕಾಶಕರು, ಆವೃತ್ತಿ, ಪುಸ್ತಕದ 13 ಅಂಕಿಯ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಎಲ್ಲ ಬರೆದಿದ್ದೆ. ಗೈಡ್ ಸಹಿಯೂ ಇತ್ತು. ಬೇರೆ ಲೈಬ್ರರಿಯಿಂದ ಎರವಲು ತರಿಸಿ ನೋಡಿದೆ, ಎರಡೇ ವಾರಕ್ಕೆ ವಾಪಸ್ ಕೊಡಬೇಕಾಯಿತು.

ಈಗ ಲೈಬ್ರರಿಯವರು ಕೇಳುತ್ತಿದ್ದಾರೆ, ಅಚ್ಚಾದ ಪ್ರತಿಯೋ ಇ-ಬುಕ್ಕೋ ಅಂತ. ಇ-ಬುಕ್ ಆದರೆ ಒಬ್ಬರ ಲೈಸೆನ್ಸೋ, ಹಲವರದ್ದೋ? ಒಬ್ಬರದ್ದಾದರೆ ನಾನು ಓದುವಾಗ ಉಳಿದವರು ಕಾಯಬೇಕು. ಹಲವರದ್ದಕ್ಕೆ ಸಾಮಾನ್ಯವಾಗಿ ಬೆಲೆ ಜಾಸ್ತಿ, ಅರ್ಜಿಯೇ ತಿರಸ್ಕಾರ ಆದರೆ ಅಂತ ಭಯ. ಜೊತೆಯ ನಾಲ್ವರಿಗೂ ಇದೇ ಪುಸ್ತಕ ಬೇಕು.

ಹೀಗೆ ಪುಸ್ತಕ ತರಿಸಿಕೊಂಡವರು ಇದ್ದೀರಾ? ಯಾವುದನ್ನು ಕೇಳಿದರೆ ಒಪ್ಪಿಗೆ ಸುಲಭ? ಎಲ್ಲರೂ ಬೇರೆ ಬೇರೆ ಅರ್ಜಿ ಕೊಡಬೇಕೋ, ಒಂದೇ ಪತ್ರಕ್ಕೆ ಸಹಿ ಹಾಕಿದರೆ ಸಾಕೋ?