ಬೆಂಗಳೂರು ಪೇಟೆಯನ್ನು ಗೈಡ್ ಇಲ್ಲದೆ ನಡೆದು ನೋಡಬಹುದಾ?

ಗದಗಿನವಳು:
ಮುಂದಿನ ವಾರ ಅವ್ವನ ಜೊತೆ ಬೆಂಗಳೂರಿಗೆ ಬರುತ್ತಿದ್ದೇನೆ. ಅರಮನೆ, ಪಾರ್ಕು ಎಲ್ಲ ನೋಡಿ ಆಗಿದೆ. ದುಡಿದು ಬದುಕಿದ ಜನರ ಊರನ್ನು ನಾವಿಬ್ಬರೇ ಸುತ್ತಿ ನೋಡಬೇಕು. ಅವ್ವನಿಗೆ ಮಂಡಿನೋವು, ಎರಡು ಗಂಟೆಗಿಂತ ಜಾಸ್ತಿ ನಡೆಯೋಕೆ ಆಗಲ್ಲ. ಎಲ್ಲಿಂದ ಶುರು ಮಾಡಲಿ?

ಕಬ್ಬನ್‌ಪೇಟೆಯವನು:
ವಾರದ ದಿನ ಬೆಳಿಗ್ಗೆ ಬನ್ನಿ, ಅಂಗಡಿ ತೆರೆಯುವ ಮೊದಲೇ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿಯಿರಿ. ಕೆಂಪೇಗೌಡರು 1537ರಲ್ಲಿ ಕಟ್ಟಿದ ಊರು ಇದು, ಕಸುಬಿಗೊಂದು ಪೇಟೆ. ಅಕ್ಕಿಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ ಅಂತ ಹೆಸರಲ್ಲೇ ಎಲ್ಲ ಇದೆ. ಬಳೇಪೇಟೆಯಲ್ಲಿ ಮಾತ್ರ ಈಗ ವೀಣೆ, ತಬಲ, ಹಾರ್ಮೋನಿಯಂ ಅಂಗಡಿಗಳು.

ಅವೆನ್ಯೂ ರೋಡ್ ದಾಟಿ ಕಬ್ಬನ್‌ಪೇಟೆಗೆ ಬಂದರೆ ಸುಮ್ನೆ ಐದು ನಿಮಿಷ ನಿಲ್ಲಿ. ಇದು ನೇಕಾರರ ಪೇಟೆ, ನಾನು ಹುಟ್ಟಿದ ಜಾಗ. ನಮ್ಮಪ್ಪ ಗುಂಡಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ರೇಷ್ಮೆ ಸೀರೆ ನೇಯುತ್ತಿದ್ದರು. ಅದೇ ಕೋಣೆಯಲ್ಲಿ ನಾವು ಮಕ್ಕಳು ಮಲಗುತ್ತಿದ್ದೆವು. ಲಾಳಿ ಓಡುವಾಗ ಒಳ್ಳೇ ನಿದ್ದೆ. ಸದ್ದು ನಿಂತರೆ ಎಚ್ಚರ ಆಗುತ್ತಿತ್ತು, ಎಳೆ ಕಡಿದಿದೆ ಅಂತ ಅರ್ಥ. ಅಮ್ಮ ದೀಪ ಹತ್ತಿರ ಹಿಡಿಯುತ್ತಿದ್ದರು, ಅಪ್ಪ ಎಳೆ ಹುಡುಕಿ ಗಂಟು ಹಾಕುತ್ತಿದ್ದರು. ಆ ಮನೆ ಈಗ ಗೋಡೌನ್. ಆ ಕಡೆ ಹೋದಾಗೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಅಲ್ಲಿಂದ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಗೆ ಹೋಗಿ. ಊರಿಗೆ ಹೂವು, ತರಕಾರಿ ಬೆಳೆದುಕೊಟ್ಟವರು ತಿಗಳರು. ಚೈತ್ರ ಹುಣ್ಣಿಮೆಯ ರಾತ್ರಿ ಹೂವಿನ ಕರಗದ ಮೆರವಣಿಗೆ ಹೊರಡುವುದು ಇಲ್ಲಿಂದಲೇ.

ಕಾಟನ್‌ಪೇಟೆ ಸೊಸೆ:
ಅಣ್ಣ, ನಮ್ಮ ತವಕ್ಕಲ್ ಮಸ್ತಾನ್ ದರ್ಗಾ ಬಿಟ್ಟರೆ ಹೇಗೆ? ಕರಗ ಅಲ್ಲಿಗೂ ಬರುತ್ತದೆ ಅಲ್ವಾ! ಮದುವೆಯಾಗಿ ಬಂದ ಮೊದಲ ವರ್ಷ ಅತ್ತೆ ನನ್ನನ್ನು ನಡುರಾತ್ರಿ ಎಬ್ಬಿಸಿ ಕರೆದುಕೊಂಡು ಹೋಗಿದ್ದರು. ಕತ್ತಿ ಹಿಡಿದು ಕರಗದ ಜೊತೆ ಬರುವ ವೀರಕುಮಾರರು, ಮಲ್ಲಿಗೆ ವಾಸನೆ, ದರ್ಗಾದ ಲೋಬಾನ. ಇವತ್ತಿಗೂ ಮರೆತಿಲ್ಲ.

ಕಬ್ಬನ್‌ಪೇಟೆಯವನು:
ಹೌದು ತಂಗಿ, ಅದನ್ನು ಬಿಡಬಾರದು. ಆದರೆ ಗುಡಿಯಿಂದ ದೂರ ಇದೆ, ಮಂಡಿನೋವಿನವರು ಆಟೊ ಹಿಡಿಯಲಿ.

ಗದಗಿನವಳು:
ಅವ್ವನಿಗೆ ಎಲ್ಲ ಓದಿ ಹೇಳಿದೆ. ಬೆಟಗೇರಿಯಲ್ಲಿ ಅವಳ ಅಜ್ಜಿ ಮನೆಯಲ್ಲೂ ಗುಂಡಿ ಮಗ್ಗ ಇತ್ತಂತೆ. ಮೊದಲು ಕಬ್ಬನ್‌ಪೇಟೆಗೇ ಹೋಗೋಣ ಅಂತಿದ್ದಾಳೆ. ಮಗ್ಗ ಇರುವ ಮನೆ ಸಿಕ್ಕರೆ ನೋಡೋಕೆ ಬಿಡುತ್ತಾರಾ?

ಕಬ್ಬನ್‌ಪೇಟೆಯವನು:
ಫೋನ್ ಬ್ಯಾಗಿನಲ್ಲೇ ಇರಲಿ, ಕೇಳದೆ ಫೋಟೊ ತೆಗೆಯಬೇಡಿ. ಅಜ್ಜಿ ಮಗ್ಗದ ವಿಷಯ ಅವ್ವನೇ ಹೇಳಲಿ, ಒಳಗೆ ಕರೆದು ಕೂರಿಸುತ್ತಾರೆ.