ಹತ್ತನೇ ವಚನ ಎಲ್ಲಿ ಹೋಯ್ತು?

ದೊಡ್ಡಪ್ಪ: (ಫಾರ್ವರ್ಡ್ ಆದ ಚಿತ್ರ) "ರಕ್ಷಣೆ ಕೃಪೆಯಿಂದ, ನಂಬಿಕೆಯ ಮೂಲಕ. ಕ್ರಿಯೆಗಳಿಂದಲ್ಲ. ಎಫೆಸ 2:8-9"
ಎಲ್ಲರೂ ಓದಿ. ಪುಣ್ಯದ ಲೆಕ್ಕ ಬರೆದಿಟ್ಟುಕೊಂಡವರು ಎರಡು ಸಲ ಓದಿ.

ಅತ್ತೆ: ಎರಡು ಸಲ ಓದಬೇಕಾದವಳು ಯಾರು ಅಂತ ಗೊತ್ತಾಯ್ತು ಬಿಡು ಅಣ್ಣ. ನೀನು ಯಾಕೋಬ 2:24 ಒಂದೇ ಸಲ ಓದು ಸಾಕು. "ನಂಬಿಕೆಯಿಂದ ಮಾತ್ರ" ಅನ್ನುವ ಮಾತು ಬೈಬಲಿನಲ್ಲಿ ಇರುವುದು ಅಲ್ಲೊಂದೇ ಕಡೆ. ಅದೂ "ಅಲ್ಲ" ಅಂತ!

ದೊಡ್ಡಪ್ಪ: ಹಾಗಾದ್ರೆ ಯೇಸುವಿನ ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ ಯಾವ ಒಳ್ಳೆಯ ಕೆಲಸ ಮಾಡಿದ್ದ? ಕೈಕಾಲು ಅಲ್ಲಾಡಿಸುವ ಹಾಗೂ ಇರಲಿಲ್ಲ. ಅವನಿಗೂ ಪರದೈಸು, ಅಂದ್ರೆ ಸ್ವರ್ಗ, ಸಿಗಲಿಲ್ವಾ?

ತಮ್ಮ: ಬಾಯಿ ಇತ್ತಲ್ಲ ದೊಡ್ಡಪ್ಪ. ಇನ್ನೊಬ್ಬ ಕಳ್ಳ ಯೇಸುವನ್ನು ಹಂಗಿಸಿದಾಗ ಗದರಿಸಿದ್ದು ಅವನೇ.

ದೊಡ್ಡಪ್ಪ: ಸುಮ್ನೆ ಮಾತಿಗೆ ಮಾತು ಬೇಡ. ಪೋಪರನ್ನೇ ಎದುರು ಹಾಕಿಕೊಂಡ ಜರ್ಮನ್ ಸುಧಾರಕ ಲೂಥರ್ ಜೀವ ಒತ್ತೆ ಇಟ್ಟಿದ್ದು ಇದಕ್ಕೇ.

ಅತ್ತೆ: 1522ರ ಜರ್ಮನ್ ಅನುವಾದದಲ್ಲಿ ರೋಮ 3:28ಕ್ಕೆ "ಮಾತ್ರ" ಅಂತ ಸೇರಿಸಿದ್ದೂ ಅವರೇ. ಗ್ರೀಕ್ ಮೂಲದಲ್ಲಿ ಆ ಪದ ಇಲ್ಲ. ಯಾಕೋಬನ ಪತ್ರವನ್ನು ಸತ್ವವಿಲ್ಲದ ಒಣಹುಲ್ಲಿನ ಪತ್ರ ಅಂದರು ಬೇರೆ.

ನಾನು: ಅತ್ತೆ, ಬೆಂಕಿಯಿಂದ ಬೆಳಕನ್ನು ಬೇರೆ ಮಾಡಲು ಆಗದ ಹಾಗೆ ನಂಬಿಕೆಯಿಂದ ಕ್ರಿಯೆಯನ್ನು ಬೇರೆ ಮಾಡಲು ಆಗದು ಅಂದವರೂ ಅದೇ ಲೂಥರ್. ಎಫೆಸ, ರೋಮ ಪತ್ರಗಳ ಪೌಲ, ಈ ಯಾಕೋಬ ಇಬ್ಬರೂ ಜಗಳ ಆಡುತ್ತಿದ್ದುದು ಒಂದೇ ಜನರ ಜೊತೆ ಅಲ್ಲ. ಪೌಲನ ಎದುರಿಗಿದ್ದವರು "ಸುನ್ನತಿ ಆಗದೆ ಒಳಗೆ ಬರಬೇಡ" ಅಂತ ಬಾಗಿಲಿಗೆ ಅಡ್ಡ ನಿಂತವರು. ಯಾಕೋಬನಿಗೆ ಸಿಟ್ಟು ಬಂದದ್ದು ಬೇರೆಯವರ ಮೇಲೆ. ಮೈಮೇಲೆ ಬಟ್ಟೆ ಇಲ್ಲ, ಅವತ್ತಿನ ಊಟಕ್ಕೆ ಗತಿ ಇಲ್ಲ, ಅಂಥವನಿಗೆ "ಬೆಚ್ಚಗಿರು, ಹೊಟ್ಟೆ ತುಂಬಿಸಿಕೋ, ಹೋಗಿ ಬಾ" ಅಂತ ಬಾಯಿಮಾತಲ್ಲೇ ಸಾಗಹಾಕುವವರು. ಇಬ್ಬರೂ ಸಾಕ್ಷಿಗೆ ಕರೆಯುವುದು ಅಬ್ರಹಾಮನನ್ನೇ. ಪೌಲ ಹಿಡಿಯುವುದು ಮಗ ಇಸಾಕ ಇನ್ನೂ ಹುಟ್ಟಿರದ ದಿನಗಳಲ್ಲಿ ದೇವರ ಮಾತು ನಂಬಿದ ಅಬ್ರಹಾಮನನ್ನು. ಯಾಕೋಬನೋ, ಆ ಮಗನನ್ನೇ ಬಲಿಕೊಡಲು ಯಜ್ಞವೇದಿಗೆ ಕರೆದೊಯ್ದ ಅಬ್ರಹಾಮನನ್ನೂ ತೋರಿಸುತ್ತಾನೆ.

ಮಾವ: 1999ರ ಅಕ್ಟೋಬರ್ 31ಕ್ಕೆ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ನಮ್ಮ ಕ್ಯಾಥೊಲಿಕರೂ ಲೂಥರನ್ನರೂ ಇದೇ ವಿಷಯದ ಜಂಟಿ ಘೋಷಣೆಗೆ ಒಟ್ಟಿಗೆ ಸಹಿ ಹಾಕಿ ಆಯ್ತಲ್ಲ. ದೇವರು ನಮ್ಮನ್ನು ಸೇರಿಸಿಕೊಳ್ಳುವುದು ನಮ್ಮ ಯೋಗ್ಯತೆ ನೋಡಿ ಅಲ್ಲ, ಕೃಪೆಯಿಂದ. ಒಳ್ಳೆಯ ಕೆಲಸಕ್ಕೆ ಕರೆಯುವವನೂ ಅವನೇ. ಈ ಮನೆಗೆ ಸುದ್ದಿ ಇನ್ನೂ ಮುಟ್ಟಿಲ್ಲ ಅಷ್ಟೇ 😄

ಅತ್ತೆ: ನೀವು ಸ್ವಲ್ಪ ಸುಮ್ನಿರಿ. (ಫೋಟೊ: ಬೈಬಲಿನ ಪುಟ, ಒಂದು ಸಾಲಿನ ಕೆಳಗೆ ಪೆನ್ಸಿಲ್ ಗೆರೆ)
ಅಣ್ಣ, ನಿನ್ನ ಚಿತ್ರ 9ಕ್ಕೇ ನಿಂತಿದೆ. ದೇವರು ನಮ್ಮನ್ನು ಸೃಷ್ಟಿಸಿದ್ದು ಸತ್ಕ್ರಿಯೆಗಳಿಗಾಗಿ ಅಂತ 10ರಲ್ಲಿದೆ. ಅದನ್ನು ಕತ್ತರಿಸಿದ್ದು ಯಾರು?

ದೊಡ್ಡಪ್ಪ: ಈ ಸಂದೇಶವನ್ನು ಅಳಿಸಲಾಗಿದೆ

ದೊಡ್ಡಪ್ಪ: (ಚಿತ್ರ) 10 ಸೇರಿಸಿ ಮತ್ತೆ ಹಾಕಿದ್ದೇನೆ. ಆದರೆ 10 ಬರುವುದು 8, 9 ಆದ ಮೇಲೇ. ಅದನ್ನು ಮರೀಬೇಡ.

ಅತ್ತೆ: ಮರೆಯಲ್ಲ. 10ರ ಅಕ್ಷರ ಮಾತ್ರ ಇಷ್ಟು ಸಣ್ಣದು ಯಾಕಣ್ಣ?